ಶುಭ ಶುಕ್ರವಾರ: ಯೆರೂಸಲೇಮಿನಿಂದ ತುಂಗಭದ್ರೆಯ ದಂಡೆಗೆ

ಯೇಸುವಿನ ಶಿಲುಬೆ ಮರಣವನ್ನು ನೆನೆಯುವ ಶುಭ ಶುಕ್ರವಾರ ಸಾಮಾನ್ಯವಾಗಿ ದವನದ ಹುಣ್ಣಿಮೆಯ ಆಸುಪಾಸಿನಲ್ಲಿ ಬರುತ್ತದೆ. ವಸಂತ ವಿಷುವದ ನಂತರದ ಹುಣ್ಣಿಮೆ ಕಳೆದು ಬರುವ ಭಾನುವಾರ ಈಸ್ಟರ್; ಅದಕ್ಕೆ ಎರಡು ದಿನ ಮೊದಲು ಈ ಶುಕ್ರವಾರ. ಈಸ್ಟರನ್ನು ಎಲ್ಲ ಸಭೆಗಳೂ ಒಂದೇ ಭಾನುವಾರ ಆಚರಿಸಬೇಕೆಂದು ನಿರ್ಣಯಿಸಿದ್ದು ಕ್ರಿ.ಶ. 325ರ ನೈಸಿಯಾ ಮಹಾಸಭೆ.

ಆಚರಣೆಯ ಹಳೆಯ ವಿವರಗಳಲ್ಲೊಂದನ್ನು ಬರೆದಿಟ್ಟವಳು 4ನೇ ಶತಮಾನದ ಕೊನೆಯಲ್ಲಿ ಯೆರೂಸಲೇಮಿಗೆ ಹೋದ ಎಜೀರಿಯಾ ಎಂಬ ಯಾತ್ರಿಕಳು. ಮೇಜಿನ ಮೇಲೆ ಶಿಲುಬೆಯ ಮರದ ತುಂಡು, ಸುತ್ತ ಕಾವಲು. ಜನ ಒಬ್ಬೊಬ್ಬರಾಗಿ ಬಂದು ಹಣೆ, ಕಣ್ಣು ಮುಟ್ಟಿಸಿ ಮುತ್ತಿಡುತ್ತಾರೆ. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಶ್ರಮೆಯ ಕಥೆಯ ಪಾರಾಯಣ. ಅಂದಿನ ಆ ನಮನ ಕಥೋಲಿಕ ದೇವಾಲಯಗಳಲ್ಲಿ ಇಂದಿಗೂ ಉಳಿದಿದೆ. ಆ ದಿನ ಬಲಿಪೂಜೆಯಿಲ್ಲ, ಬಲಿಪೀಠ ಬರಿದು, ಗಂಟೆಯೂ ಮೌನ. ಗುರುಗಳು ನೆಲಕ್ಕೆ ಅಡ್ಡಬಿದ್ದು ಆರಂಭಿಸುತ್ತಾರೆ. ಯೊವಾನ್ನನ ಸುವಾರ್ತೆಯ ಶ್ರಮೆಯ ವೃತ್ತಾಂತ ಓದಿ, ಶಿಲುಬೆಗೆ ನಮಿಸುತ್ತಾರೆ. ಶಕ್ತರಾದವರು ಒಪ್ಪೊತ್ತಿನ ಊಟದಲ್ಲಿರುತ್ತಾರೆ, ಮಾಂಸ ಮುಟ್ಟುವುದಿಲ್ಲ. ಶಿಲುಬೆಯ ಹಾದಿಯ ಹದಿನಾಲ್ಕು ನಿಲ್ದಾಣಗಳು ಸ್ಥಿರವಾದದ್ದು 1731ರಲ್ಲಿ.

ಹನ್ನೆರಡರಿಂದ ಮೂರರ ಆರಾಧನೆಗೆ ಇನ್ನೊಂದು ಮೂಲವಿದೆ. ಪೆರುವಿನ ಲಿಮಾ ನಗರದಲ್ಲಿ ಜೆಸ್ವಿಟ್ ಪಾದ್ರಿ ಅಲೋನ್ಸೊ ಮೆಸಿಯಾ 17ನೇ ಶತಮಾನದ ಕೊನೆಯ ಹೊತ್ತಿಗೆ ಯೇಸುವಿನ ಶಿಲುಬೆಯ ಏಳು ಮಾತುಗಳ ಧ್ಯಾನವನ್ನು ರೂಢಿಗೆ ತಂದ. ಕಥೋಲಿಕರಲ್ಲಿ ಹುಟ್ಟಿದ ಈ ಕ್ರಮವನ್ನು ಪ್ರೊಟೆಸ್ಟಂಟರು ತಮ್ಮದಾಗಿಸಿಕೊಂಡರು. ಇಂದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ಒಂದೊಂದು ಮಾತಿಗೂ ಒಂದು ಪ್ರಸಂಗ, ನಡುನಡುವೆ ಹಾಡು, ಪ್ರಾರ್ಥನೆ. ಸಭಾಪಾಲಕರ ಜೊತೆಗೆ ಸಭೆಯ ಹಿರಿಯರು, ಹೆಣ್ಣುಮಕ್ಕಳು, ಯುವಕರೂ ಪ್ರಸಂಗಕ್ಕೆ ನಿಲ್ಲುವುದುಂಟು.

ನಮ್ಮ ನಾಡಿನಲ್ಲಿ ಈ ದಿನ ಬೇರೂರಿದ್ದು ಕನ್ನಡದ ಬಲದಿಂದ. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಶ್ರಮದಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂತು. ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದು ಶಾಲೆ, ಆರಾಧನೆಗಳನ್ನು ಕನ್ನಡದಲ್ಲೇ ನಡೆಸಿತು. ನಿಘಂಟಿನ ಕಿಟೆಲ್ 1862ರಲ್ಲಿ 'ಕಥಾಮಾಲೆ'ಯಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡ ಪದ್ಯಗಳಲ್ಲಿ ಹಾಡಿದರು. 1970ರಲ್ಲಿ ಧಾರವಾಡ ಕೇಂದ್ರವಾಗಿ ಸಿ.ಎಸ್.ಐ. ಕರ್ನಾಟಕ ಉತ್ತರ ಸಭಾಪ್ರಾಂತ ರೂಪುಗೊಂಡಿತು. ತುಂಗಭದ್ರೆಯ ಕಡೆಯ ರಾಣೆಬೆನ್ನೂರು, ಹಾವೇರಿ, ಬ್ಯಾಡಗಿ ಸೀಮೆ ಅದರ ವ್ಯಾಪ್ತಿಯಲ್ಲಿದೆ.

ಕಥೋಲಿಕರಲ್ಲಿ ಬದಲಾವಣೆ ತಡವಾಗಿ ಬಂತು. 1956ರಿಂದ ಶುಕ್ರವಾರದ ಆರಾಧನೆ ಬೆಳಗಿನಿಂದ ಮಧ್ಯಾಹ್ನದ ನಂತರಕ್ಕೆ ಸರಿಯಿತು. 1963ರಲ್ಲಿ ಎರಡನೆಯ ವ್ಯಾಟಿಕನ್ ಸಭೆ ಜನರ ಭಾಷೆಗೆ ಬಾಗಿಲು ತೆರೆದ ಮೇಲೆ ಲ್ಯಾಟಿನ್ನಿನ ಜಾಗಕ್ಕೆ ಕನ್ನಡ ಬಂತು. ಅದುವರೆಗೆ ನೋಡಿ ಮಣಿಯುತ್ತಿದ್ದ ಜನ ಕೇಳಿ ಮರುನುಡಿಯತೊಡಗಿದರು. ಈ ದಿನದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಿರುವಿಲ್ಲ.

2020ರ ಏಪ್ರಿಲ್ 10ರ ಶುಭ ಶುಕ್ರವಾರ, ಕೊರೊನಾ ಲಾಕ್‌ಡೌನಿನಿಂದ ದೇವಾಲಯಗಳ ಬಾಗಿಲು ಮುಚ್ಚಿದ್ದಾಗ ಆರಾಧನೆ ಮೊಬೈಲಿಗೂ ಬಂತು. ಆದರೂ ಕೂಡಿ ಹಾಡುವ ಸುಖವನ್ನು ಪರದೆ ಕೊಡಲಾರದು.

ಮಿಷನ್ನಿನ ಚರಿತ್ರೆ ಬಹುಪಾಲು ಪಾದ್ರಿಗಳ ವರದಿಗಳಲ್ಲಿದೆ. ಹಾಡಿದವರ, ಉಪವಾಸವಿದ್ದವರ ಮಾತು ಅಲ್ಲಿ ಕಡಿಮೆ. ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಸಭೆಗಳು ತಮ್ಮ ಹಿರಿಯರ ಶ್ರಮೆಯ ಹಾಡುಗಳನ್ನೂ ನೆನಪುಗಳನ್ನೂ ಈಗಲೇ ಬರೆದಿಡಲಿ, ಧ್ವನಿಮುದ್ರಿಸಿಡಲಿ. ಅದು ಕ್ರೈಸ್ತರ ಆಸ್ತಿ ಮಾತ್ರವಲ್ಲ, ಕನ್ನಡದ ಆಸ್ತಿ.