ಅಪುತ್ರಿಕನ ಸೊತ್ತು: ಕನ್ನಡ ನಾಡಿನಲ್ಲಿ ಮೃತರ ಸ್ಥಾವರದ ಹಸ್ತಾಂತರ

ಮನುಷ್ಯನು ತೀರಿಕೊಂಡ ಮೇಲೆ ಅವನ ಮನೆ ಹೊಲಗಳು ಯಾರಿಗೆ ಸೇರತಕ್ಕುವು, ಸೇರಿದುವೆಂಬುದನ್ನು ಪರೀಕ್ಷಿಸಿ ಸಾರತಕ್ಕವರು ಯಾರು ಎಂಬ ಎರಡು ಪ್ರಶ್ನೆಗಳು ಎಲ್ಲ ಸಮಾಜಗಳಲ್ಲಿಯೂ ಹುಟ್ಟುವುವು. ಇಂಗ್ಲಿಷರ ನ್ಯಾಯಪದ್ಧತಿಯಲ್ಲಿ ಮೊದಲನೆಯದಕ್ಕೆ ಮೃತನು ಬರೆದಿಟ್ಟ ಉಯಿಲೂ ಎರಡನೆಯದಕ್ಕೆ ಪ್ರೊಬೇಟೂ ಉತ್ತರಗಳಾಗಿರುವುವು. ಉಯಿಲು ನಿಜವಾಗಿ ಮೃತನದೇ ಎಂದು ನ್ಯಾಯಾಸ್ಥಾನವು ವಿಚಾರಿಸಿ, ಅದನ್ನು ನಡೆಯಿಸುವ ಅಧಿಕಾರವನ್ನು ಕೊಡುವ ಪತ್ರಕ್ಕೆ ಪ್ರೊಬೇಟೆಂದು ಹೆಸರು. ಕೊಪ್ಪಳ, ಯಲಬುರ್ಗಿ, ಕುಷ್ಟಗಿ, ಗಂಗಾವತಿಗಳ ಸೀಮೆಯಲ್ಲಿ ಈ ಪದ್ಧತಿಯು ಬೇರೂರಿದುದಿಲ್ಲ. ಆದರೆ ಅದು ಕೇಳುವ ಪ್ರಶ್ನೆಗಳು ಇಲ್ಲಿ ಹೊಸತಲ್ಲ. ಕಲ್ಯಾಣದ ಚಾಳುಕ್ಯರ ಕಾಲದಲ್ಲಿಯೇ ಅವುಗಳಿಗೆ ಈ ನಾಡಿನವರು ಕೊಟ್ಟುಕೊಂಡ ಉತ್ತರವು ಯಾವುದು, ಅದರಿಂದ ಗಂಡುಮಕ್ಕಳಿಲ್ಲದೆ ಸತ್ತವನ ಹೆಂಡತಿಗೆ ದೊರೆತುದೇನು, ಮುಂದೆ ಕಳೆದುಹೋದುದೇನು ಎಂಬುದನ್ನು ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ.

ಗಂಡುಮಕ್ಕಳಿದ್ದ ಅವಿಭಕ್ತ ಕುಟುಂಬದಲ್ಲಿ ತೊಡಕು ಕಡಮೆ. ಅಲ್ಲಿ ಮಗನಿಗೆ ಹುಟ್ಟಿನಿಂದಲೇ ಸ್ವಾಮ್ಯವುಂಟು. ತಂದೆಯು ತೀರಿದರೆ ಉಳಿದವರ ಪಾಲು ಹಿಗ್ಗುತ್ತದೆಯೇ ಹೊರತು ಸೊತ್ತು ಹೊಸದಾಗಿ ಕೈ ಬದಲಾಯಿಸುವುದಿಲ್ಲ. ತೊಡಕೆಲ್ಲವೂ ದಾಯಾದರಿಂದ ವಿಭಾಗವಾಗಿ, ಗಂಡುಸಂತಾನವಿಲ್ಲದೆ ಸತ್ತವನ ಸೊತ್ತಿನದು. ಇದಕ್ಕೆ ನಮ್ಮ ಶಾಸನಗಳಲ್ಲಿ ಅಪುತ್ರಿಕವೆಂದು ಹೆಸರು. ಇಂತಹ ಸೊತ್ತಿನ ಮೇಲೆ ಅರಸನ ಕಣ್ಣು ಬಹುಕಾಲದಿಂದ ಇದ್ದಿತು. ದಾಯಾದರಿಲ್ಲದವನ ಸೊತ್ತನ್ನು, ಹೆಂಡತಿಯ ಜೀವನಕ್ಕೂ ಪ್ರೇತಕಾರ್ಯಕ್ಕೂ ಬೇಕಾದುದನ್ನು ಬಿಟ್ಟು, ಅರಸನು ತೆಗೆದುಕೊಳ್ಳತಕ್ಕದ್ದೆಂದೂ, ಶ್ರೋತ್ರಿಯನ ಸೊತ್ತನ್ನು ಮಾತ್ರ ಮುಟ್ಟಕೂಡದೆಂದೂ ಕೌಟಲ್ಯನು ವಿಧಿಸಿರುವನು. ಶಾಕುಂತಲ ನಾಟಕದ ಆರನೆಯ ಅಂಕದಲ್ಲಿ ಹಡಗು ಒಡೆದು ಸತ್ತ ವರ್ತಕನ ಐಶ್ವರ್ಯವು ಅರಸನಿಗೆ ಸೇರತಕ್ಕದ್ದೆಂದು ಮಂತ್ರಿಯು ಬರೆದು ಕಳುಹಿಸುವುದನ್ನೂ, ದುಷ್ಯಂತನು ಆ ವರ್ತಕನ ಹೆಂಡಿರಲ್ಲಿ ಯಾರಾದರೂ ಗರ್ಭಿಣಿಯಾಗಿರುವಳೇ ಎಂದು ವಿಚಾರಿಸಿ, ಗರ್ಭಸ್ಥ ಶಿಶುವಿಗೆ ಆ ಸೊತ್ತನ್ನು ಬಿಡಿಸುವುದನ್ನೂ ವಾಚಕರು ಬಲ್ಲರು. ಅಲ್ಲಿ ಅರಸನ ದಯೆಯು ಸ್ಪಷ್ಟವಾಗಿದೆ. ಆದರೆ ಆ ವರ್ತಕನ ಹೆಂಡತಿಗೆ ಹೆಂಡತಿಯೆಂಬ ಕಾರಣದಿಂದಲೇ ಏನಾದರೂ ಬರತಕ್ಕದ್ದೆಂಬ ಮಾತು ಅರಸನ ಬಾಯಿಂದಲಾಗಲಿ ಮಂತ್ರಿಯ ಪತ್ರದಿಂದಾಗಲಿ ಹೊರಡುವುದಿಲ್ಲ.

ಕನ್ನಡ ನಾಡಿನಲ್ಲಿ ಈ ವಿಷಯಕ್ಕೆ ಸಂಬಂಧಿಸಿದ ಹಳೆಯ ಆಧಾರಗಳಲ್ಲಿ ಲಕ್ಷ್ಮೇಶ್ವರದ ಕಂಬದ ಶಾಸನವು ಗಣ್ಯವಾದುದು. 8ನೆಯ ಶತಮಾನದ ಆದಿಭಾಗದಲ್ಲಿ ಬಾದಾಮಿಯ ಚಾಳುಕ್ಯ ಯುವರಾಜ ವಿಕ್ರಮಾದಿತ್ಯನು ಪೊರಿಗೆರೆಯ ಮಹಾಜನರಿಗೂ ಹದಿನೆಂಟು ಪ್ರಕೃತಿಗಳಿಗೂ ಕೊಟ್ಟ ಆಚಾರವ್ಯವಸ್ಥೆಯಿದು. ಬಾರ್ನೆಟ್ ಪಂಡಿತರು ಇದನ್ನು ಪ್ರಕಟಿಸಿರುವರು. ಹಾಳುಬಿದ್ದ ಮನೆಗಳನ್ನೂ ಅನುಭವದಲ್ಲಿರುವ ಸೊತ್ತನ್ನೂ ರಾಜಪುರುಷರು ಕಾಪಾಡತಕ್ಕದ್ದೆಂದು ಇದರಲ್ಲಿ ವಿಧಿಯುಂಟು. ದಂಡದ ಹಣಗಳೊಡನೆ ಅಪುತ್ರಿಕರ ಸೊತ್ತನ್ನೂ ಎಣಿಸಿ, ಅದು ಅಲ್ಲಿಯ ಶ್ರೇಣಿಗೆ ಸಲ್ಲತಕ್ಕದ್ದೆಂದು ಹೇಳಿದೆ. ಅರಸನ ಬೊಕ್ಕಸಕ್ಕೆ ಬದಲಾಗಿ ಊರಿನ ಸಂಸ್ಥೆಯೇ ಇಲ್ಲಿ ಫಲಭಾಗಿಯಾಗಿರುವುದು ಗಮನಾರ್ಹ. ಆದರೂ ಆ ಸೊತ್ತು ಇನ್ನೂ ದಂಡಗಳ ಸಾಲಿನಲ್ಲಿಯೇ ಇದೆ. ವಿಧವೆಯ ಹೆಸರು ಈ ಸಾಲಿನಲ್ಲಿಲ್ಲ.

ಇದಾದ ಮೂರೂವರೆ ಶತಮಾನಗಳ ಮೇಲೆ, ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ (1076–1126), ಕಲ್ಯಾಣದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ಬರೆದನು. ಗ್ರಂಥಾಂತ್ಯದಲ್ಲಿ ಅವನು ಆ ನಗರವನ್ನೂ ಆ ಅರಸನನ್ನೂ ಹೊಗಳಿರುವುದರಿಂದ ಕಾಲದೇಶಗಳ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಯಲಬುರ್ಗಿ ಸೀಮೆಯ ಇಟಗಿಯಲ್ಲಿ ಮಹಾದೇವ ದಂಡನಾಯಕನು ಮಹಾದೇವ ದೇವಾಲಯವನ್ನು ಕಟ್ಟಿಸಿದುದೂ ಇದೇ ಅರಸನ ಕಾಲದಲ್ಲಿ. ಅಲ್ಲಿಯ ಶಾಸನದ ವರ್ಷ ಕ್ರಿ. ಶ. 1112. ಆದುದರಿಂದ ಮಿತಾಕ್ಷರೆಯು ಕೊಪ್ಪಳ ಸೀಮೆಯವರಿಗೆ ದೂರದೇಶದ ಗ್ರಂಥವಲ್ಲ, ತಮ್ಮನ್ನಾಳಿದ ರಾಜಧಾನಿಯಲ್ಲಿಯೇ ಹುಟ್ಟಿದ ಗ್ರಂಥ.

ಅಪುತ್ರನಾಗಿ ತೀರಿದವನ ಸೊತ್ತಿಗೆ ಯಾಜ್ಞವಲ್ಕ್ಯನು ಹೇಳಿದ ಅನುಕ್ರಮದಲ್ಲಿ ಮೊದಲು ಬರುವವಳು ಪತ್ನಿ. ಅನಂತರ ಹೆಣ್ಣುಮಕ್ಕಳು, ತಾಯಿತಂದೆಗಳು, ಸಹೋದರರು, ಅವರ ಮಕ್ಕಳು, ಗೋತ್ರಜರು, ಬಂಧುಗಳು, ಶಿಷ್ಯ, ಸಹಪಾಠಿ. ಈ ಪತ್ನೀಶಬ್ದವನ್ನು ಸಂಕೋಚಗೊಳಿಸಲು ಹಿಂದಿನ ವ್ಯಾಖ್ಯಾನಕಾರರು ನಾನಾ ಯತ್ನಗಳನ್ನು ಮಾಡಿದ್ದರು. ನಿಯೋಗಕ್ಕೆ ಒಪ್ಪಿದ ವಿಧವೆಗೆ ಮಾತ್ರ ಸೊತ್ತು ಸಲ್ಲುತ್ತದೆಂಬುದು ಧಾರೇಶ್ವರನ ಮತ. ಸೊತ್ತು ಅಲ್ಪವಾಗಿದ್ದರೆ ಮಾತ್ರ ಸಲ್ಲುತ್ತದೆಂಬುದು ಶ್ರೀಕರನ ಮತ. ಧನವಿರುವುದು ಯಜ್ಞಕ್ಕಾಗಿ, ಹೆಂಗಸರಿಗೆ ಸ್ವತಂತ್ರವಾಗಿ ಯಜ್ಞಾಧಿಕಾರವಿಲ್ಲ, ಆದುದರಿಂದ ಧನಾಧಿಕಾರವೂ ಇಲ್ಲವೆಂಬ ಮತ್ತೊಂದು ವಾದವೂ ಇದ್ದಿತು. ವಿಜ್ಞಾನೇಶ್ವರನು ಇವೆಲ್ಲವನ್ನೂ ಒಂದೊಂದಾಗಿ ಖಂಡಿಸಿರುವನು. ಅವನ ಮುಖ್ಯ ಸಿದ್ಧಾಂತವೆಂದರೆ ಸ್ವಾಮ್ಯವು ಲೌಕಿಕವಾದುದೆಂಬುದು. ಶಾಸ್ತ್ರವನ್ನರಿಯದ ಜನರಲ್ಲಿಯೂ ಕ್ರಯವಿಕ್ರಯಗಳು ನಡೆಯುವುವು. ಆದುದರಿಂದ ಇದು ತನ್ನದೆಂಬ ಭಾವವು ಲೋಕವ್ಯವಹಾರದಿಂದ ಸಿದ್ಧವಾದುದೇ ಹೊರತು ಯಜ್ಞದಿಂದ ಹುಟ್ಟಿದುದಲ್ಲ. ಹೀಗಿರಲು ಯಜ್ಞಾಧಿಕಾರವಿಲ್ಲವೆಂಬ ಕಾರಣದಿಂದ ಪತ್ನಿಯನ್ನು ತಳ್ಳಿಬಿಡಲಾಗದು. ಸಂನ್ಯಾಸಿಯಾಗಿದ್ದ ಗ್ರಂಥಕಾರನು ಗೃಹಸ್ಥರ ಸೊತ್ತನ್ನು ಕುರಿತು ಇಷ್ಟು ಲೋಕಾನುಗುಣವಾದ ವಾದವನ್ನು ಹೂಡಿರುವುದು ಮೆಚ್ಚತಕ್ಕದ್ದು. ಆದರೆ ಅವನು ಹಾಕಿದ ಮಿತಿಯನ್ನೂ ಮರೆಯಕೂಡದು: ಗಂಡನು ದಾಯಾದರಿಂದ ವಿಭಕ್ತನಾಗಿದ್ದು, ಮತ್ತೆ ಅವರೊಡನೆ ಸಂಸೃಷ್ಟನಾಗದೆ ಇದ್ದರೆ ಮಾತ್ರ ಈ ಹಕ್ಕು. ಅವಿಭಕ್ತ ಕುಟುಂಬದ ವಿಧವೆಗೆ ಜೀವನಾಂಶವೇ ಗತಿ.

ಈ ವಿಧಿಯು ಗ್ರಂಥದಲ್ಲಿ ಮಾತ್ರ ಉಳಿಯಿತೇ, ಊರುಗಳಲ್ಲಿ ನಡೆಯಿತೇ ಎಂದು ಕೇಳಬಹುದು. ಇದಕ್ಕೆ ವಿಜಯಪುರ ಜಿಲ್ಲೆಯ ಮನಗೂಳಿಯಲ್ಲಿ ದೊರೆತಿರುವ, 12ನೆಯ ಶತಮಾನದ ಕಳಚುರಿಗಳ ಕಾಲದ ಶಾಸನವು ಉತ್ತರ ಹೇಳುತ್ತದೆ. ಫ್ಲೀಟ್ ಸಾಹೇಬರು ಇಲ್ಲಿಯ ಶಾಸನಗಳನ್ನು ಎಪಿಗ್ರಾಫಿಯಾ ಇಂಡಿಕಾದ 5ನೆಯ ಸಂಪುಟದಲ್ಲಿ ಅಚ್ಚುಮಾಡಿಸಿರುವರು. ಊರಿನಲ್ಲಿ ಯಾರಾದರೂ ಗಂಡುಮಕ್ಕಳಿಲ್ಲದೆ ಸತ್ತರೆ ಅವನ ಹೆಂಡತಿ, ಹೆಣ್ಣುಮಕ್ಕಳು, ವಿಭಕ್ತರಾದ ತಾಯಿತಂದೆಗಳು, ಅಣ್ಣತಮ್ಮಂದಿರು, ಅವರ ಮಕ್ಕಳು, ಗೋತ್ರದ ನಂಟರು ಅವನ ಸೊತ್ತನ್ನು ಪಡೆಯತಕ್ಕದ್ದೆಂಬುದು ಅದರ ತಾತ್ಪರ್ಯ. ಸೊತ್ತಿನ ವಿವರವೂ ಉಂಟು: ಆಳುಕಾಳುಗಳು, ದನಕರುಗಳು, ಹಣ, ಧಾನ್ಯ, ಮನೆ, ಹೊಲ. ಇವರಾರೂ ಇಲ್ಲದಿದ್ದರೆ ಊರಿನ ಅಧಿಕಾರಿಗಳು ಅದನ್ನು ಧರ್ಮದೇಯವಾಗಿ ವಹಿಸಿಕೊಳ್ಳಬೇಕು. ಮಿತಾಕ್ಷರೆಯ ಅನುಕ್ರಮವನ್ನು ಪಕ್ಕದಲ್ಲಿಟ್ಟು ನೋಡಿದರೆ ಸಾಮ್ಯವು ಎದ್ದುಕಾಣುತ್ತದೆ. ಎರಡಕ್ಕೂ ಸ್ಮೃತಿಯೇ ಮೂಲವಾಗಿರಬಹುದಾದುದರಿಂದ ಮನಗೂಳಿಯವರು ಮಿತಾಕ್ಷರೆಯನ್ನು ನೋಡಿಯೇ ಬರೆಯಿಸಿದರೆಂದು ಸಾಧಿಸುವುದು ಸರಿಯಲ್ಲ. ಒಂದು ಅಂಶದಲ್ಲಂತೂ ಶಾಸನವು ಗ್ರಂಥಕ್ಕಿಂತ ಮುಂದೆ ಹೋಗಿದೆ. ಬ್ರಾಹ್ಮಣೇತರನ ಸೊತ್ತು ಯಾರೂ ಇಲ್ಲದಿದ್ದರೆ ಕೊನೆಗೆ ಅರಸನಿಗೆ ಹೋಗುತ್ತದೆಂದು ಗ್ರಂಥವು ಹೇಳಿದರೆ, ಶಾಸನವು ಅದನ್ನು ಊರಿನ ಧರ್ಮಕ್ಕೆ ಉಳಿಸಿಕೊಟ್ಟಿದೆ. ಇದೇ ಶತಮಾನದಲ್ಲಿ ಗುಜರಾತಿನ ಕುಮಾರಪಾಲನು ಅಪುತ್ರರ ಧನವನ್ನು ತ್ಯಜಿಸಿದನೆಂದು ಹೇಮಚಂದ್ರನು ಕೊಂಡಾಡಿರುವನು. ಅಲ್ಲಿ ಅರಸನು ಬಿಟ್ಟುಕೊಟ್ಟನು. ಇಲ್ಲಿ ಊರು ಕಲ್ಲಿನ ಮೇಲೆ ಕಟ್ಟಳೆಯನ್ನು ಕೊರೆಯಿಸಿತು.

ಇನ್ನು ಎರಡನೆಯ ಪ್ರಶ್ನೆ. ಸೊತ್ತು ಇಂಥವರದೆಂದು ಸಾರುವವರು ಯಾರು? ಭೂಮಿಯ ದಾನ ವಿಕ್ರಯಗಳಿಗೆ ಆರು ಅಂಗಗಳುಂಟೆಂದು ವಿಜ್ಞಾನೇಶ್ವರನು ಉದಾಹರಿಸಿರುವನು: ಸ್ವಗ್ರಾಮದವರು, ಜ್ಞಾತಿಗಳು, ಸಾಮಂತರು ಅಂದರೆ ನೆರೆಹೊಲದವರು, ದಾಯಾದರು ಇವರ ಅನುಮತಿ, ಹಿರಣ್ಯ ಮತ್ತು ಉದಕ. ಇವುಗಳಿಗೆ ಅವನು ಹೇಳುವ ಪ್ರಯೋಜನಗಳು ಮನನಯೋಗ್ಯವಾಗಿವೆ. ಗ್ರಾಮದ ಅನುಮತಿಯು ವ್ಯವಹಾರವು ಎಲ್ಲರಿಗೂ ತಿಳಿಯಲೆಂದು; ಅದಿಲ್ಲದಿದ್ದರೆ ವ್ಯವಹಾರವೇ ಅಸಿದ್ಧವೆಂದಲ್ಲ. ನೆರೆಯವರ ಅನುಮತಿಯು ಎಲ್ಲೆಯ ಜಗಳವನ್ನು ತಪ್ಪಿಸಲೆಂದು; ಜ್ಞಾತಿಗಳದು ವಿಭಾಗವಾಗಿದೆಯೇ ಇಲ್ಲವೇ ಎಂಬ ಸಂಶಯವನ್ನು ನಿವಾರಿಸಲೆಂದು. ಇವು ದಾನವಿಕ್ರಯಗಳ ಪ್ರಕರಣದ ಮಾತುಗಳಾದರೂ ಅಪುತ್ರಿಕನ ಸೊತ್ತಿನಲ್ಲಿ ಏಳುವ ವಿವಾದವೂ ಇದೇ ಅಲ್ಲವೇ? ಗಂಡನು ವಿಭಕ್ತನೋ ಅವಿಭಕ್ತನೋ ಎಂಬುದರ ಮೇಲೆ ವಿಧವೆಯ ಹಕ್ಕು ನಿಂತಿರುವಾಗ, ಅದನ್ನು ಬಲ್ಲವರು ಊರಿನವರೂ ನೆರೆಯವರೂ ಮಾತ್ರ. ಪ್ರೊಬೇಟು ಮಾಡುವ ಪರೀಕ್ಷೆ ಪ್ರಕಟನೆಗಳಲ್ಲಿ ಒಂದು ಭಾಗವನ್ನು ಇಲ್ಲಿ ಊರಿನ ಅರಿವು ನೆರವೇರಿಸುತ್ತಿದ್ದಿತೆಂದು ಹೇಳಬಹುದು.

ಉಯಿಲಿನ ಕಲ್ಪನೆಯಾದರೋ ಧರ್ಮಶಾಸ್ತ್ರಗಳಲ್ಲಿ ಕಾಣುವುದಿಲ್ಲ. ಸೊತ್ತನ್ನು ತನ್ನ ಇಚ್ಛೆಯಂತೆ ವಿನಿಯೋಗಿಸಬೇಕೆಂದವನು ಬದುಕಿರುವಾಗಲೇ ಧಾರೆಯೆರೆದು ಕೊಡುತ್ತಿದ್ದನು. ದೇವಾಲಯ ಬಸದಿ ಮಠಗಳ ದತ್ತಿಶಾಸನಗಳೆಲ್ಲವೂ ಇಂತಹವು. ಮುಸಲ್ಮಾನರ ಧರ್ಮದಲ್ಲಿ ವಸೀಯತ್ ಎಂಬ ಮರಣಾನಂತರದ ದಾನವುಂಟು. ಆದರೆ ವಾರಸುದಾರರ ಒಪ್ಪಿಗೆಯಿಲ್ಲದೆ ಅದು ಸೊತ್ತಿನ ಮೂರರಲ್ಲೊಂದು ಭಾಗವನ್ನು ಮೀರಲಾಗದು. ಈ ಬೇರೆಬೇರೆಯ ಸಂಪ್ರದಾಯಗಳ ಗುರುತು ಇಂದಿನ ನಮ್ಮ ಮಾತಿನಲ್ಲಿಯೇ ಉಳಿದಿದೆ. ಉಯಿಲು ಇಂಗ್ಲಿಷಿನಿಂದ ಬಂದುದು. ವಾರಸು, ಫೌತಿ ಎಂಬಿವು ಅರಬ್ಬಿ ಮೂಲದವು. ಮೃತ್ಯುಪತ್ರ, ಮರಣಶಾಸನ ಎಂಬಿವು ಸಂಸ್ಕೃತ ಶಬ್ದಗಳಿಂದ ಕಟ್ಟಿದುವು. ಅರಸರ ಆಜ್ಞೆಗೆ ಸಲ್ಲುತ್ತಿದ್ದ ಶಾಸನವೆಂಬ ಹೆಸರು ಈ ಕೊನೆಯ ಮಾತಿನಲ್ಲಿ ಸಾಮಾನ್ಯ ಗೃಹಸ್ಥನ ಕಾಗದಕ್ಕೂ ದೊರೆತಿದೆ.

ಆಂಗ್ಲರ ಆಳಿಕೆಯಲ್ಲಿ 1870ರ ಹಿಂದೂ ಉಯಿಲುಗಳ ಕಾಯಿದೆಯು ಬಂಗಾಳದ ಪ್ರಾಂತಗಳಿಗೂ ಮದರಾಸು ಮುಂಬಯಿ ನಗರಗಳಿಗೂ ಅನ್ವಯಿಸಿತು. 1881ರಲ್ಲಿ ಪ್ರೊಬೇಟಿನ ಕಾಯಿದೆಯೂ 1925ರಲ್ಲಿ ಇವೆಲ್ಲವನ್ನೂ ಒಟ್ಟುಗೂಡಿಸಿದ ಭಾರತೀಯ ಉತ್ತರಾಧಿಕಾರ ಕಾಯಿದೆಯೂ ಬಂದುವು. ಹಿಂದೂಗಳ ಉಯಿಲಿಗೆ ಪ್ರೊಬೇಟನ್ನು ಕಡ್ಡಾಯಮಾಡಿದಾಗ ಹಳೆಯ ಪ್ರಾದೇಶಿಕ ಮಿತಿಯೇ ಉಳಿಯಿತು. ಆಗ ಕೊಪ್ಪಳ ಸೀಮೆಯು ನಿಜಾಮರ ಸಂಸ್ಥಾನಕ್ಕೆ ಸೇರಿದ್ದಿತು. ಕೊಪ್ಪಳ ಯಲಬುರ್ಗಿಗಳು ಸಾಲಾರ್ ಜಂಗ್ ಮನೆತನದ ಜಹಗೀರಿಯಲ್ಲಿದ್ದುವು. ಜಹಗೀರಿಯು ಕಟ್ಟುನಿಟ್ಟಾಗಿ ನೋಡಿದರೆ ಜೀವಾವಧಿಯ ದತ್ತಿ. ಜಹಗೀರದಾರನು ತೀರಿದರೆ ಉತ್ತರಾಧಿಕಾರಿಗೆ ನಿಜಾಮರ ಮಂಜೂರಾತಿ ಬೇಕಾಗಿದ್ದಿತು. ಸಾಮಾನ್ಯ ಒಕ್ಕಲಿಗನ ವಿಧವೆಯು ಶಾಸ್ತ್ರಬಲದಿಂದ ಪಡೆಯಬಹುದಾದುದನ್ನು ಒಡೆಯನ ಮನೆಯವರು ಪ್ರಭುವಿನ ಅನುಗ್ರಹದಿಂದ ಪಡೆಯಬೇಕಾಗಿದ್ದಿತೆಂಬುದು ಸ್ವಾರಸ್ಯವಾದ ಸಂಗತಿ.

ವಿಧವೆಯ ಹಕ್ಕಿಗೆ ದೊಡ್ಡ ಹಾನಿಯಾದುದು ನ್ಯಾಯಾಸ್ಥಾನದಲ್ಲಿ. ಕೋಲ್‌ಬ್ರೂಕ್ ಪಂಡಿತನು 1810ರಲ್ಲಿ ಮಿತಾಕ್ಷರೆಯ ದಾಯವಿಭಾಗವನ್ನು ಇಂಗ್ಲಿಷಿಗೆ ತಿರುಗಿಸಿದ ಮೇಲೆ ಅದು ಬಂಗಾಳವನ್ನುಳಿದು ದೇಶದ ಬಹುಭಾಗಕ್ಕೆ ಪ್ರಮಾಣಗ್ರಂಥವಾಯಿತು. ದಾಯದಿಂದ ಬಂದುದೂ ಸ್ತ್ರೀಧನವೇ ಎಂದು ವಿಜ್ಞಾನೇಶ್ವರನು ಸ್ಪಷ್ಟವಾಗಿ ಹೇಳಿದ್ದರೂ, ಲಂಡನ್ನಿನ ಪ್ರೀವಿ ಕೌನ್ಸಿಲು 1867ರ ತೀರ್ಪಿನಲ್ಲಿ ಅದನ್ನು ಒಪ್ಪಲಿಲ್ಲ. ಗಂಡನಿಂದ ಬಂದ ಸೊತ್ತು ವಿಧವೆಯ ಸ್ತ್ರೀಧನವಲ್ಲ, ಅವಳ ತರುವಾಯ ಅದು ಗಂಡನ ವಾರಸುದಾರರಿಗೆ ಹೋಗುತ್ತದೆಂದು ನಿರ್ಣಯವಾಯಿತು. ನಿಜಾಮರ ಸಂಸ್ಥಾನವು ಆ ಪೀಠದ ಅಧಿಕಾರಕ್ಕೆ ಒಳಪಟ್ಟುದಲ್ಲ. ಆದರೂ ಕಲ್ಯಾಣದಲ್ಲಿ ಹುಟ್ಟಿದ ಗ್ರಂಥದ ಹೆಸರಿನಲ್ಲಿಯೇ, ಆ ಗ್ರಂಥವು ಕೊಟ್ಟುದನ್ನು ಮೊಟಕುಗೊಳಿಸಿದ ಈ ನಿರ್ಣಯವು ಹಿಂದೂ ನ್ಯಾಯಶಾಸ್ತ್ರದ ಸಾಮಾನ್ಯ ಮತವಾಗಿ ನಿಂತಿತು. ಮೈಸೂರಿನ 1933ರ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯೂ ಆಂಗ್ಲ ಭಾರತದ 1937ರ ಕಾಯಿದೆಯೂ ವಿಧವೆಗೆ ಪಾಲನ್ನು ಹೆಚ್ಚಿಸಿದುವು. 1937ರದರಲ್ಲಿ ದೊರೆತ ಹಕ್ಕು ಸೀಮಿತವಾದುದೇ.

1956ರ ಜೂನ್ 17ರಂದು ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ಕಾಯಿದೆಯ 14ನೆಯ ಕಲಮು ಹೆಂಗಸಿನ ಸೊತ್ತಿಗೆ ಪೂರ್ಣಸ್ವಾಮ್ಯವನ್ನು ಕೊಟ್ಟಿತು. 30ನೆಯ ಕಲಮು ಅವಿಭಕ್ತ ಕುಟುಂಬದ ತನ್ನ ಪಾಲನ್ನೂ ಉಯಿಲಿನಿಂದ ಕೊಡಲು ಅವಕಾಶಮಾಡಿತು. ಕೊಪ್ಪಳವು ಆಗ ಇನ್ನೂ ಹೈದರಾಬಾದು ರಾಜ್ಯದ ರಾಯಚೂರು ಜಿಲ್ಲೆಯಲ್ಲಿದ್ದು, ಅದೇ ವರ್ಷದ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಸೇರಿತು. 1994ರ ಕರ್ಣಾಟಕದ ತಿದ್ದುಪಡಿಯೂ 2005ರ ದೇಶದ ತಿದ್ದುಪಡಿಯೂ ಹೆಣ್ಣುಮಕ್ಕಳನ್ನು ಹುಟ್ಟಿನಿಂದಲೇ ಸಮಾಂಶಿಗಳನ್ನಾಗಿ ಮಾಡಿದುವು. ಅಪುತ್ರಿಕವೆಂಬ ಶಬ್ದಕ್ಕೆ ನ್ಯಾಯದಲ್ಲಿ ಅರ್ಥವೇ ಉಳಿಯಲಿಲ್ಲ.

ಆದರೆ ಎರಡನೆಯ ಪ್ರಶ್ನೆಯು ಉಳಿದೇ ಇದೆ. ಇಂದು ಕೊಪ್ಪಳ ಸೀಮೆಯಲ್ಲಿ ಹೊಲದ ಒಡೆಯನು ತೀರಿದರೆ ವಾರಸುದಾರರು ಪೌತಿ ಖಾತೆಗಾಗಿ ಅರ್ಜಿಕೊಡುವರು. 1964ರ ಕರ್ಣಾಟಕ ಭೂಕಂದಾಯ ಕಾಯಿದೆಯಂತೆ ಆ ಬದಲಾವಣೆಯನ್ನು ಗ್ರಾಮದ ಚಾವಡಿಯಲ್ಲಿ ಪ್ರಕಟಿಸಿ ತಕರಾರುಗಳನ್ನು ಕೇಳಬೇಕು. ಭಾಗ್ಯನಗರದಂತಹ ಪಟ್ಟಣದಲ್ಲಿ ಮನೆಯ ಖಾತೆಯು ಪಟ್ಟಣ ಪಂಚಾಯಿತಿಯ ಪುಸ್ತಕದಲ್ಲಿರುತ್ತದೆ. ಖಾತೆಯ ನಮೂದು ಸ್ವಾಮ್ಯವನ್ನು ಹುಟ್ಟಿಸುವುದಿಲ್ಲ, ಕಳೆಯುವುದೂ ಇಲ್ಲವೆಂದು ನ್ಯಾಯಾಸ್ಥಾನಗಳು ಮತ್ತೆ ಮತ್ತೆ ಹೇಳಿವೆ. ಗ್ರಾಮದ ಅನುಮತಿಯು ತಿಳಿವಳಿಕೆಗಾಗಿಯೇ ಹೊರತು ಸಿದ್ಧಿಗಾಗಿ ಅಲ್ಲವೆಂದು ವಿಜ್ಞಾನೇಶ್ವರನು ಹೇಳಿದುದೂ ಇದನ್ನೇ ಹೋಲುತ್ತದೆ.

ಒಟ್ಟಿನಲ್ಲಿ, ಮೃತನ ಇಚ್ಛೆಯನ್ನು ಪರೀಕ್ಷಿಸುವ ಪದ್ಧತಿಗೆ ಬದಲಾಗಿ ಉಳಿದವರ ಹಕ್ಕನ್ನು ಊರಿನ ಮುಂದೆ ಸಾರುವ ಪದ್ಧತಿಯು ಈ ನಾಡಿನಲ್ಲಿ ನಡೆದುಬಂದಿದೆಯೆಂದು ಮೇಲಿನ ಆಧಾರಗಳಿಂದ ತಿಳಿಯುತ್ತದೆ. ಇದರ ಗುಣವೂ ದೋಷವೂ ಊರನ್ನೇ ಅವಲಂಬಿಸಿವೆ. ಚಾವಡಿಯಲ್ಲಿ ಅಂಟಿಸಿದ ವಂಶಾವಳಿಯಲ್ಲಿ ವಿಧವೆಯ ಹೆಸರೋ ಮದುವೆಯಾಗಿ ಹೋದ ಮಗಳ ಹೆಸರೋ ಬಿಟ್ಟುಹೋಗಿದ್ದರೆ, ಬಲ್ಲ ನೆರೆಯವರು ಆಗಲೇ ಬಾಯ್ಬಿಟ್ಟು ಹೇಳಬೇಕು. ಮನಗೂಳಿಯವರು ಹೆಂಡತಿಯ ಹೆಸರನ್ನು ಮೊದಲಿಗೆ ಬರೆಯಿಸಿದರು. ಆ ಕಟ್ಟಳೆಯು ಊರಿನವರೆಲ್ಲರ ಕಣ್ಣಿಗೆ ಬೀಳುವಂತೆ ಕಲ್ಲಿನ ಮೇಲೆ ನಿಂತಿತು.