ಹಣ್ಣಿನ ಗೊಜ್ಜಿನ ಪ್ರಾಚೀನತೆ: ಒಂದು ವಿಚಾರ

ಅನಾನಸ್ಸಿನ ಗೊಜ್ಜು ನಮ್ಮ ಪೂರ್ವಿಕರ ಕಾಲದಿಂದ ಬಂದ ಅಡುಗೆಯೆಂಬ ಮಾತು ಮದುವೆಯ ಪಂಕ್ತಿಗಳಲ್ಲಿ ಆಗಾಗ ಕಿವಿಗೆ ಬೀಳುತ್ತದೆ. ಹಣ್ಣಿನ ಖಾರದ ಸಾಸುಗಳು ಸೀಸೆಗಳಲ್ಲಿ ತುಂಬಿ ಬೆಂಗಳೂರಿನ ಅಂಗಡಿಗಳಿಗೆ ಬಂದ ಮೇಲೆ, ಇದರಲ್ಲಿ ಹೊಸತೇನಿದೆ, ನಮ್ಮಲ್ಲಿ ಇದು ಅನಾದಿಯಿಂದಲೂ ಇದೆಯೆಂಬ ಇನ್ನೊಂದು ಮಾತೂ ಅದಕ್ಕೆ ಸೇರಿಕೊಂಡಿದೆ. ಈ ಅಭಿಮಾನದಲ್ಲಿ ಅರ್ಧ ಸತ್ಯವಿದೆ. ಆ ಅರ್ಧ ಯಾವುದು ಎಂಬುದನ್ನು ವಿಂಗಡಿಸಿ ನೋಡುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಕಾಲವನ್ನು ಗೊತ್ತುಮಾಡಿಕೊಳ್ಳಬೇಕು. ಅನಾನಸ್ಸೂ ಮೆಣಸಿನಕಾಯಿಯೂ ಅಮೆರಿಕ ಖಂಡದ ಸಸ್ಯಗಳು. ಕೊಲಂಬಸನು ತನ್ನ ಎರಡನೆಯ ಯಾನದಲ್ಲಿ, 1493ರಲ್ಲಿ, ಗ್ವಾಡಲೂಪ್ ದ್ವೀಪದಲ್ಲಿ ಅನಾನಸ್ಸನ್ನು ಕಂಡನು. ಪೋರ್ಚುಗೀಸರು 1498ರಲ್ಲಿ ಕಲ್ಲಿಕೋಟೆಯನ್ನು ಮುಟ್ಟಿ, 1510ರಲ್ಲಿ ಗೋವೆಯನ್ನು ಹಿಡಿದರು. ಆ ಶತಮಾನದೊಳಗಾಗಿ ಈ ಎರಡೂ ಅವರ ಹಡಗುಗಳಲ್ಲಿ ಪಶ್ಚಿಮ ಕರಾವಳಿಗೆ ಬಂದಿಳಿದವು. ‘ಅನಾನಸ್’ ಎಂಬ ಹೆಸರೇ ದಕ್ಷಿಣ ಅಮೆರಿಕದ ತುಪಿ ಭಾಷೆಯ ಶಬ್ದ. ಪೋರ್ಚುಗೀಸರ ಬಾಯಿಂದ ನಮ್ಮ ಬಾಯಿಗೆ ಬಂದದ್ದು. ಆದುದರಿಂದ, ಸುಮಾರು ಕ್ರಿ. ಶ. 750ರಲ್ಲಿ, ಗಂಗ ದೊರೆ ಶ್ರೀಪುರುಷನ ಆಳ್ವಿಕೆಯಲ್ಲಿ, ಹೆಬ್ಬಾಳದ ಕಿತ್ತಯ್ಯನಿಗೆ ವೀರಗಲ್ಲನ್ನು ನಿಲ್ಲಿಸಿದ ಜನ ಅನಾನಸ್ಸಿನ ಗೊಜ್ಜನ್ನು ಉಂಡಿರಲಾರರು. ಯಲಹಂಕದ ಪ್ರಭುವಾದ ಕೆಂಪೇಗೌಡನು 1537ರಲ್ಲಿ ಬೆಂಗಳೂರಿನ ಕೋಟೆಯನ್ನು ಕಟ್ಟಿಸುವಾಗಲೂ ಕೆಲಸಗಾರರ ಮುದ್ದೆಯ ಪಕ್ಕದಲ್ಲಿ ಕೆಂಪು ಮೆಣಸಿನಕಾಯಿಯ ಖಾರವಿತ್ತೆಂದು ನಂಬುವುದು ಕಷ್ಟ.

ಹಾಗಾದರೆ ಆ ಜನ ಖಾರವನ್ನೇ ಅರಿಯದವರೆ? ಖಂಡಿತವಾಗಿ ಅಲ್ಲ. ಆಯುರ್ವೇದದ ಷಡ್ರಸಗಳಲ್ಲಿ ‘ಕಟು’ ಒಂದು. ಶುಂಠಿ, ಹಿಪ್ಪಲಿ, ಮೆಣಸು ಈ ಮೂರನ್ನು ಕೂಡಿಸಿ ‘ತ್ರಿಕಟು’ ಎಂದರು. ಮೆಣಸಿನಕಾಯಿ ಬರುವ ಮುನ್ನ ನಮ್ಮ ಅಡುಗೆಮನೆಯ ಖಾರವೆಲ್ಲ ಈ ಮೂರರಿಂದ, ಅದರಲ್ಲಿಯೂ ಮಲೆನಾಡಿನ ಮೆಣಸಿನಿಂದ, ದೊರೆಯುತ್ತಿತ್ತು. ಈ ಮಾತಿಗೆ ಕನ್ನಡ ಭಾಷೆಯೇ ಸಾಕ್ಷಿ. ‘ಮೆಣಸು’ ಎಂದರೆ ಮೂಲತಃ ಬಳ್ಳಿಯ ಕಾಳು. ಹೊಸ ಕಾಯಿ ಬಂದಾಗ ಅದರ ರುಚಿಯನ್ನು ಕಂಡು ‘ಮೆಣಸಿನ ಕಾಯಿ’ ಎಂದು ಕರೆದರು. ತಮಿಳಿನ ‘ಮಿಳಗಾಯ್’ ಎಂಬುದರ ರಚನೆಯೂ ಇದೇ. ಕಾಲಕ್ರಮದಲ್ಲಿ ಬಂದವನೇ ಮನೆಯ ಯಜಮಾನನಾದನು. ಹಳೆಯ ಮೆಣಸಿಗೆ ‘ಕರಿಮೆಣಸು’, ‘ಕಾಳುಮೆಣಸು’ ಎಂದು ವಿಶೇಷಣವನ್ನು ಹಚ್ಚಬೇಕಾಯಿತು. ಕರಾವಳಿಯ ಕನ್ನಡದಲ್ಲಿ ಅದು ‘ಒಳ್ಳೆಮೆಣಸು’, ತುಳುವಿನಲ್ಲಿ ‘ಎಡ್ಡೆ ಮುಂಚಿ’, ಮಲೆಯಾಳದಲ್ಲಿ ‘ನಲ್ಲಮುಳಕ್’. ಮೂರು ಭಾಷೆಗಳಲ್ಲಿಯೂ ‘ಒಳ್ಳೆಯದು’ ಎಂಬ ಅರ್ಥವೇ ಇರುವುದು ಗಮನಾರ್ಹ. ಹೊಸ ಮೆಣಸು ಮೊದಲು ಬಂದಿಳಿದ ತೀರದಲ್ಲಿಯೇ ಹಳೆಯದನ್ನು ಒಳ್ಳೆಯದೆಂದು ಬೇರ್ಪಡಿಸುವ ಅಗತ್ಯವುಂಟಾಯಿತೆಂದು ಊಹಿಸಲವಕಾಶವಿದೆ.

ಗ್ರಂಥಗಳ ಸಾಕ್ಷ್ಯವೂ ಇದಕ್ಕೆ ಹೊಂದುತ್ತದೆ. ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ (ಸುಮಾರು 1025), ಕಲ್ಯಾಣದ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದ ಅನ್ನಭೋಗ ಪ್ರಕರಣ, ಬದನೆ ಬಾಳೆ ಹಲಸುಗಳ ಪಾಕವನ್ನು ವಾರ್ಧಕ ಷಟ್ಪದಿಯಲ್ಲಿ ಹೇಳುವ ಮೂರನೆಯ ಮಂಗರಸನ ‘ಸೂಪಶಾಸ್ತ್ರ’, ಈ ಮೂರೂ ಮೆಣಸಿನಕಾಯಿಯಿಲ್ಲದ ಅಡುಗೆಮನೆಯ ಗ್ರಂಥಗಳು. ಮಂಗರಸನ ಕಾಲ 16ನೆಯ ಶತಮಾನದ ಆದಿಭಾಗ. ಹಳೆಯ ಖಾರದ ಕೊನೆಯ ದಿನಗಳಲ್ಲಿ ಆತನು ನಿಂತಿದ್ದಾನೆ. ಮೆಣಸಿನಕಾಯಿಯನ್ನು ಕುರಿತು ಪುರಂದರದಾಸರ ಹೆಸರಿನ ಹಾಡೊಂದನ್ನು ಕೆ. ಟಿ. ಅಚಯ ಅವರು ತಮ್ಮ ಗ್ರಂಥದಲ್ಲಿ ಎತ್ತಿಕೊಂಡಿದ್ದಾರೆ. ಬಾಯಿಂದ ಬಾಯಿಗೆ ಬಂದ ಹಾಡುಗಳ ಬಲದಿಂದ ಒಂದು ಬೆಳೆಯ ಕಾಲವನ್ನು ನಿರ್ಣಯಿಸುವುದು ಯುಕ್ತವಲ್ಲವೆಂಬುದು ಈ ಲೇಖಕನ ಅಭಿಪ್ರಾಯ. ಇತ್ತಕಡೆ, 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ತೋಟದ ಬೆಳೆಗಳ ನಡುವೆ ಮೆಣಸಿನಕಾಯಿಯನ್ನೂ ಎಣಿಸುತ್ತಾನೆ. ಅಷ್ಟು ಹೊತ್ತಿಗೆ ಅದು ಪರದೇಶಿಯಾಗಿ ಉಳಿದಿರಲಿಲ್ಲ.

ಇವೆಲ್ಲಕ್ಕಿಂತ ಜೀವಂತವಾದ ಸಾಕ್ಷ್ಯವೆಂದರೆ ಶ್ರಾದ್ಧದ ಅಡುಗೆ. ಅನೇಕ ಬ್ರಾಹ್ಮಣ ಮನೆತನಗಳಲ್ಲಿ ಆ ದಿನ ಮೆಣಸಿನಕಾಯಿ ಒಲೆಯ ಬಳಿಗೆ ಬರುವುದಿಲ್ಲ, ಖಾರಕ್ಕೆಲ್ಲ ಕರಿಮೆಣಸೇ. ಆಲೂಗೆಡ್ಡೆ, ಟೊಮೇಟೊಗಳಿಗೂ ಪ್ರವೇಶವಿಲ್ಲ. ಕಾರಣವನ್ನು ಕೇಳಿದರೆ ಹಿರಿಯರು ಸಂಪ್ರದಾಯವೆಂದಷ್ಟೇ ಹೇಳುತ್ತಾರೆ. ಅವರು ಅರಿಯದೆಯೇ 15ನೆಯ ಶತಮಾನದ ಅಡುಗೆಯನ್ನು ವರ್ಷಕ್ಕೊಮ್ಮೆ ಮಾಡಿ ಬಡಿಸುತ್ತಿರುವರು. ಪಿತೃಗಳು ತಾವು ಬದುಕಿದ್ದಾಗ ಕಾಣದಿದ್ದ ಪದಾರ್ಥವನ್ನು ಅವರ ಎಲೆಗೆ ಹಾಕದಿರುವುದು ಇತಿಹಾಸದ ದೃಷ್ಟಿಯಿಂದಲೂ ಸರಿಯೆ!

ಹೀಗಿದ್ದರೂ ಅಭಿಮಾನಿಗಳ ಮಾತಿನಲ್ಲಿ ಉಳಿಯುವ ಅರ್ಧ ಸತ್ಯ ಸಣ್ಣದಲ್ಲ. ಹಳತಾಗಿರುವುದು ಪದಾರ್ಥವಲ್ಲ, ಕ್ರಮ. ಮಾವು, ಅಂಬಟೆ, ನೆಲ್ಲಿ, ಬೇಲ, ಮಾದಲಗಳು ಈ ನೆಲದಲ್ಲಿ ಹಿಂದಿನಿಂದ ಇದ್ದವು. ಹುಣಸೆ ಆಫ್ರಿಕ ಮೂಲದ್ದಾದರೂ ಬಹು ಹಿಂದೆಯೇ ನಮ್ಮದಾಗಿತ್ತು. ಹುಳಿಯಾದ ಹಣ್ಣಿಗೆ ಬೆಲ್ಲವನ್ನೂ ಖಾರವನ್ನೂ ಕೂಡಿಸಿ ಕುದಿಸುವ ಪದ್ಧತಿ ಆಗಲೇ ಇದ್ದುದರಿಂದಲೇ, ಹೊಸ ಹಣ್ಣೂ ಹೊಸ ಖಾರವೂ ಬಂದೊಡನೆ ಅವಕ್ಕೆ ಸಿದ್ಧವಾದ ಮನೆ ದೊರೆಯಿತು. ಮೆಕ್ಸಿಕೊ, ಕೆರಿಬಿಯನ್ ದ್ವೀಪಗಳಲ್ಲಿ ಒಟ್ಟಿಗೆ ಬೆಳೆದ ಸಸ್ಯಗಳು ಸಾಗರ ದಾಟಿ ಬಂದು ನಮ್ಮ ಬಾಣಲೆಯಲ್ಲಿ ಮತ್ತೆ ಕೂಡಿಕೊಂಡವು. ಉಡುಪಿಯ ಕಡೆ ಎಳ್ಳು, ಕಾಯಿತುರಿ ಅರೆದು ಹಾಕಿ ಮಾಡುವ ಈ ಅಡುಗೆಗೆ ‘ಮೆಣಸ್ಕಾಯಿ’ ಎಂದೇ ಹೆಸರು. ಹಳೆಯ ಮೈಸೂರಿನಲ್ಲಿ ಕಡಲೆಬೇಳೆ, ಉದ್ದಿನಬೇಳೆ, ಕೊತ್ತಂಬರಿ, ಎಳ್ಳು, ಕೊಬ್ಬರಿಗಳನ್ನು ಹುರಿದು ಬ್ಯಾಡಗಿಯ ಮೆಣಸಿನಕಾಯಿಯೊಡನೆ ಪುಡಿಮಾಡುತ್ತಾರೆ. ಬ್ಯಾಡಗಿಯದು ಬಣ್ಣ ಹೆಚ್ಚು, ಉರಿ ಕಡಿಮೆ. ಹಣ್ಣಿನ ರುಚಿಯನ್ನು ಮುಚ್ಚುವುದಿಲ್ಲ. ಉತ್ತರ ಬೆಂಗಳೂರಿನವರಿಗೆ ಇವು ದೂರದ ಮಾತುಗಳಲ್ಲ. ಒಣಮೆಣಸಿನಕಾಯಿ, ಹುಣಸೆ, ಬೆಲ್ಲಗಳ ಸಗಟು ವ್ಯಾಪಾರ ಯಶವಂತಪುರದ ಮಾರುಕಟ್ಟೆಯಲ್ಲಿ ನಡೆಯುತ್ತದೆ; 1967ರಲ್ಲಿ ಹೆಸರಘಟ್ಟದಲ್ಲಿ ಸ್ಥಾಪಿತವಾದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಿಂದ ‘ಅರ್ಕಾ ಲೋಹಿತ್’ ಮೆಣಸಿನಕಾಯಿಯೂ ‘ಅರ್ಕಾ ಪುನೀತ್’ ಮಾವೂ ಹೊರಬಂದಿವೆ.

ಗೊಜ್ಜನ್ನು ನಾಲಗೆಗಿಟ್ಟಾಗ ಮೊದಲು ಬೆಲ್ಲ ತಿಳಿಯುತ್ತದೆ, ಆಮೇಲೆ ಹಣ್ಣಿನ ಹುಳಿ. ಖಾರ ಕೊನೆಗೆ ಗಂಟಲ ಬಳಿ ಏರುತ್ತದೆ. ಪ್ರಾಚೀನರು ಕಟುವನ್ನು ರಸವೆಂದರೂ, ಅದು ನಿಜವಾಗಿ ಬಿಸಿಯನ್ನು ಅರಿಯುವ ನರಗಳ ಅನುಭವವೆಂದು 1997ರಲ್ಲಿ ಡೇವಿಡ್ ಜೂಲಿಯಸ್ ಅವರ ಸಂಶೋಧನೆ ತೋರಿಸಿತು. ಅದಕ್ಕಾಗಿ ಅವರಿಗೆ 2021ರ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದು, ಜಿಡ್ಡಿನಲ್ಲಿ ಕರಗುವುದು. ನೀರು ಕುಡಿದರೆ ಉರಿ ಅಡಗದೆ, ತುಪ್ಪ ಹಾಕಿದ ಅನ್ನದೊಡನೆ ಅಥವಾ ಮೊಸರನ್ನದೊಡನೆ ಅಡಗುವುದಕ್ಕೆ ಇದೇ ಕಾರಣ. ಅನಾನಸ್ಸನ್ನು ಹಸಿಯಾಗಿ ಮೊಸರಿಗೆ ಬೆರೆಸಿಟ್ಟರೆ ಅದರ ಕಿಣ್ವ ಹಾಲಿನ ಪ್ರೋಟೀನನ್ನು ಒಡೆದು ಕಹಿ ಮಾಡುತ್ತದೆ. ಕುದಿಸಿದಾಗ ಕಿಣ್ವ ನಾಶವಾಗುವುದರಿಂದ ಗೊಜ್ಜಿಗೆ ಈ ದೋಷವಿಲ್ಲ. ವಿನೆಗರು ಮುಂದಾಗಿರುವ ಸೀಸೆಯ ಸಾಸು ಕರಿದ ತಿಂಡಿಗೆ ಹೊಂದೀತು. ಅನ್ನಕ್ಕೆ ಕಲಸಿಕೊಳ್ಳಲು ಬೇಕಾದ ಮೈ ಅದಕ್ಕಿಲ್ಲ. ಅಕ್ಕಿರೊಟ್ಟಿ, ದೋಸೆಗಳೊಡನೆಯೂ ಗೊಜ್ಜಿನದೇ ಮೇಲುಗೈ.

ಆದರೆ ಇತಿಹಾಸದ ವಿದ್ಯಾರ್ಥಿ ನೋಡಬೇಕಾದ ಜೊತೆ ಬೇರೊಂದಿದೆ. ಸಂಕ್ರಾಂತಿಯ ದಿನ ಮಾಡುವ ಖಾರದ ಹುಗ್ಗಿಗೆ ಇಂದಿಗೂ ಒಗ್ಗರಣೆಯಲ್ಲಿ ಕರಿಮೆಣಸೇ ಬೀಳುತ್ತದೆ; ಅದರ ಪಕ್ಕದಲ್ಲಿ ಮೆಣಸಿನಕಾಯಿಯ ಗೊಜ್ಜನ್ನು ಬಡಿಸುತ್ತಾರೆ. ಒಂದೇ ಎಲೆಯಲ್ಲಿ ಗೋವೆಗೆ ಮುಂಚಿನ ಖಾರವೂ ಗೋವೆಯಿಂದ ಬಂದ ಖಾರವೂ ಕೂಡಿ ಕುಳಿತಿರುತ್ತವೆ. ಊಟ ಮುಗಿದಾಗ ಗೊಜ್ಜಿನ ಗುರುತು ಉಳಿದಿರುವುದಿಲ್ಲ. ಮಕ್ಕಳು ಆರಿಸಿ ಎಲೆಯ ಅಂಚಿಗೆ ಸರಿಸಿದ ಮೆಣಸಿನ ಕಾಳುಗಳು ಮಾತ್ರ ಸಾಲಾಗಿ ಉಳಿದಿರುತ್ತವೆ.