ಉಗಾಂಡಾ: ನಾಲ್ಕು ಬಗೆಯ ಸೇವೆ ಸಲ್ಲಿಸಿದ ಪ್ರಯಾಣಿಕ ಹಡಗು (ಮಕ್ಕಳ ವಿಭಾಗ)

ಬ್ರಿಟನ್ನಿನ ಗ್ಲಾಸ್ಗೋ ನಗರದಲ್ಲಿ ನಿರ್ಮಿಸಲಾದ 'ಉಗಾಂಡಾ' ಹಡಗು 1952ರಲ್ಲಿ ಸೇವೆಗೆ ಸೇರ್ಪಡೆಯಾಯಿತು. ಈ ಹಡಗು ಕೆಳಕಂಡ ಕಾರ್ಯಗಳನ್ನು ನಿರ್ವಹಿಸಿತು.

1. ಪ್ರಯಾಣಿಕರ ಸಾಗಣೆ: ಲಂಡನ್ನಿನಿಂದ ಪೂರ್ವ ಆಫ್ರಿಕಾದ ಬಂದರುಗಳಿಗೆ ಪ್ರಯಾಣಿಕರನ್ನೂ ಸರಕನ್ನೂ ಒಯ್ಯುತ್ತಿತ್ತು. ವಿಮಾನ ಸಂಚಾರವು ಹೆಚ್ಚಿದಂತೆ ಹಡಗಿನಲ್ಲಿ ಪ್ರಯಾಣಿಸುವವರ ಸಂಖ್ಯೆ ಕ್ಷೀಣಿಸಿತು. 1967ರಲ್ಲಿ ಈ ಸೇವೆ ಕೊನೆಗೊಂಡಿತು.

2. ತೇಲುವ ಶಾಲೆ: ಹಡಗಿನ ಒಳಭಾಗವನ್ನು ಮಾರ್ಪಡಿಸಿ ತರಗತಿ ಕೋಣೆಗಳನ್ನೂ ಸಾಮೂಹಿಕ ಶಯನಗೃಹಗಳನ್ನೂ ಕಲ್ಪಿಸಲಾಯಿತು. 1968ರಿಂದ ಸುಮಾರು 900 ವಿದ್ಯಾರ್ಥಿಗಳು ಒಂದೇ ಬಾರಿಗೆ ಪ್ರವಾಸ ಹೊರಟು, ಪಾಠ ಕಲಿಯುತ್ತ ದೇಶಗಳನ್ನು ನೋಡುವಂತಾಯಿತು.

3. ಆಸ್ಪತ್ರೆ ಹಡಗು: 1982ರ ಏಪ್ರಿಲ್‌ನಲ್ಲಿ ಫಾಕ್‌ಲ್ಯಾಂಡ್ ದ್ವೀಪಗಳಿಗಾಗಿ ಬ್ರಿಟನ್ ಮತ್ತು ಅರ್ಜೆಂಟೀನಾ ನಡುವೆ ಯುದ್ಧ ಆರಂಭವಾಯಿತು. ಆಗ ಪ್ರವಾಸದಲ್ಲಿದ್ದ ಮಕ್ಕಳನ್ನು ಇಟಲಿಯ ನೇಪಲ್ಸ್ ಬಂದರಿನಲ್ಲಿ ಇಳಿಸಲಾಯಿತು. ಜಿಬ್ರಾಲ್ಟರ್‌ನಲ್ಲಿ ಕೆಲವೇ ದಿನಗಳೊಳಗೆ ವಾರ್ಡುಗಳು, ಶಸ್ತ್ರಚಿಕಿತ್ಸಾ ಕೊಠಡಿ ಹಾಗೂ ಹೆಲಿಕಾಪ್ಟರ್ ಇಳಿದಾಣ ಸಿದ್ಧಗೊಂಡವು. ಬಿಳಿಯ ಬಣ್ಣದ ಮೇಲೆ ಕೆಂಪು ಶಿಲುಬೆಯ ಚಿಹ್ನೆಗಳನ್ನು ಬಿಡಿಸಲಾಯಿತು. ಈ ಚಿಹ್ನೆಯಿರುವ ಹಡಗಿನ ಮೇಲೆ ದಾಳಿ ಮಾಡುವುದನ್ನು ಜಿನೀವಾ ಒಪ್ಪಂದವು ನಿಷೇಧಿಸುತ್ತದೆ. ಗಾಯಾಳುವು ಯಾವ ದೇಶದವನೆಂದು ನೋಡದೆ ಚಿಕಿತ್ಸೆ ನೀಡುವುದು ಅಂತಹ ಹಡಗಿನ ಕರ್ತವ್ಯವಾಗಿರುತ್ತದೆ. ಅದರಂತೆ ಎರಡೂ ದೇಶಗಳ ಗಾಯಾಳುಗಳು ಸೇರಿ 700ಕ್ಕೂ ಹೆಚ್ಚು ಜನರು ಇಲ್ಲಿ ಚಿಕಿತ್ಸೆ ಪಡೆದರು.

4. ಸರಬರಾಜು ಸೇವೆ: ಯುದ್ಧಾನಂತರ ಕೆಲಕಾಲ ಮತ್ತೆ ಮಕ್ಕಳ ಪ್ರವಾಸಗಳನ್ನು ನಡೆಸಿತು. 1983ರಿಂದ 1985ರವರೆಗೆ ಫಾಕ್‌ಲ್ಯಾಂಡ್ ದ್ವೀಪಗಳಿಗೆ ಜನರನ್ನೂ ಸಾಮಗ್ರಿಯನ್ನೂ ತಲುಪಿಸಿತು.

1986ರಲ್ಲಿ ಒಡೆಯುವ ಸಲುವಾಗಿ ತೈವಾನಿಗೆ ತಲುಪಿದ ಹಡಗು, ಅಲ್ಲಿ ಚಂಡಮಾರುತಕ್ಕೆ ಸಿಲುಕಿ ದಡಕ್ಕೆ ಬಿದ್ದಿತು. ಮಕ್ಕಳು ಮಲಗುತ್ತಿದ್ದ ಹಡಗೇ ಗಾಯಾಳುಗಳಿಗೂ ಆಸರೆಯಾಗಿದ್ದುದು ಇದರ ವೈಶಿಷ್ಟ್ಯವಾಗಿದೆ.